ಅರಳು ಮರಳು, ಎಸ್‌ಟಿಡಿ ಬೂತು ಮತ್ತು ಕಂಪ್ಲಿಯ ಸೊಸೆ

"ಅರವತ್ತಕ್ಕೆ ಅರಳು ಮರಳು" ಅನ್ನೋ ಗಾದೆ ನಮಗೆಲ್ಲ ಗೊತ್ತು. ಗೊತ್ತಿರೋದೇ ತೊಂದರೆ ಆಯಿತೇನೋ ಅಂತ ಈಚೆಗೆ ನನಗೆ ಅನಿಸ್ತಿದೆ. ಮನೆಯ ಹಿರಿಯರು ಈಗಷ್ಟೇ ಉಂಡಿದ್ದನ್ನು ಮರೆತು "ನನಗ ಯಾರೂ ಊಟಕ್ಕ ಹಾಕಿಲ್ಲ" ಅಂತ ಬೀದಿ ಕಟ್ಟೆ ಮೇಲೆ ಬಂದು ಕೂತರೆ, ಸತ್ತು ಇಪ್ಪತ್ತು ವರ್ಷ ಆದ ಗಂಡನಿಗೆ ಬುತ್ತಿ ಕಟ್ಟು ಅಂತ ಹಟ ಹಿಡಿದರೆ, ಅದಕ್ಕೊಂದು ಹೆಸರು ಮೊದಲೇ ತಯಾರಿದೆ. ವಯಸ್ಸಾಯ್ತು, ಅರಳು ಮರಳು. ಹೆಸರು ಸಿಕ್ಕ ಮೇಲೆ ಡಾಕ್ಟರನ್ನು ಯಾರು ಹುಡುಕ್ತಾರೆ? ಬೇಂದ್ರೆಯವರು ಇದೇ ಮಾತನ್ನು ತಮ್ಮ ಕವನ ಸಂಗ್ರಹಕ್ಕೆ ಹೆಸರಾಗಿಟ್ಟರು, 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಕವಿಗೆ ಅದರಲ್ಲಿ 'ಮತ್ತೆ ಅರಳು' ಅನ್ನೋದೂ ಕೇಳಿಸುತ್ತೆ. ಮನೆಯಲ್ಲಿ ನೋಡಿಕೊಳ್ಳೋ ಸೊಸೆಗೆ ಬರೀ ಮರಳೇ.

ಕಂಪ್ಲಿಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಡಿಮೆನ್ಷಿಯಾ ಶುರುವಾಗಿ ಏಳು ವರ್ಷ. ನೋಡಿಕೊಳ್ಳೋದು ಅವರ ಹಿರಿಸೊಸೆ, ನನಗೆ ಅತ್ತಿಗೆ. ಹೋದಾಗಲೆಲ್ಲ ಆ ಮನೆಗೆ ಒಂದು ಹೊಸ ವಸ್ತು ಬಂದಿರುತ್ತೆ. ಒಮ್ಮೆ ಬಾಗಿಲಿಗೆ ಗಂಟೆ, ಒಮ್ಮೆ ಕ್ಯಾಮೆರಾ, ಒಮ್ಮೆ ಕುರ್ಚಿ ಥರದ ಕಮೋಡು. ಇವೆಲ್ಲ ಎಲ್ಲಿಂದ, ಯಾವಾಗ, ಯಾರಿಗೋಸ್ಕರ ಬಂದವು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಇತಿಹಾಸವನ್ನು ಇಲ್ಲಿ ಬರೆದಿಡ್ತಾ ಇದೀನಿ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಈ ನಾಲ್ಕು ಊರಿನ ಸುತ್ತಲಿನವರಿಗೆ ಇದರಲ್ಲಿ ಒಂದು ವಿಷಯ ಹೊಸದು ಅನಿಸಬಹುದು. ದೇಶದ ಮಾನಸಿಕ ಆರೋಗ್ಯದ ಇತಿಹಾಸದಲ್ಲಿ ನಮ್ಮ ಜಿಲ್ಲೆಗೆ ಒಂದು ದೊಡ್ಡ ಜಾಗ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಜರ್ಮನಿಗೆ ಒಂದು ಸಣ್ಣ ಸುತ್ತು. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಅನ್ನೋ 51 ವರ್ಷದ ಹೆಂಗಸನ್ನು ಸೇರಿಸಿದರು. ಅವಳನ್ನು ಪರೀಕ್ಷಿಸಿದ ಅಲೋಯಿಸ್ ಅಲ್ಝೈಮರ್ 1906ರಲ್ಲಿ, ಅವಳು ತೀರಿಕೊಂಡ ಮೇಲೆ, ಮೆದುಳಲ್ಲಿ ಕಂಡದ್ದನ್ನು ವೈದ್ಯರ ಸಭೆಯಲ್ಲಿ ಹೇಳಿದ. 1910ರಲ್ಲಿ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಆ ಕಾಯಿಲೆಗೆ ಅಲ್ಝೈಮರ್ ಹೆಸರಿಟ್ಟ. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ನನ್ನ ಕಣ್ಣಿಗೆ ಬಿದ್ದದ್ದು ಅವಳ ಗಂಡ. ರೈಲ್ವೆಯಲ್ಲಿ ಗುಮಾಸ್ತ. ಹೆಂಡತಿಯ ಅನುಮಾನ, ಮರೆವು, ರಾತ್ರಿಯ ಗಲಾಟೆ ಎಲ್ಲ ಮನೆಯಲ್ಲೇ ಸಹಿಸಿ, ಕೊನೆಗೆ ಆಗೋದಿಲ್ಲ ಅಂತ ಆಸ್ಪತ್ರೆಗೆ ಕರೆತಂದವನು. ಕಾಯಿಲೆಗೆ ಡಾಕ್ಟರ ಹೆಸರು ಬಂತು, ರೋಗಿಯ ಹೆಸರೂ ಉಳಿಯಿತು. ಗಂಡ ಆ ವರ್ಷಗಳ ರಾತ್ರಿಗಳನ್ನು ಹೇಗೆ ಕಳೆದ ಅನ್ನೋದನ್ನು ಯಾರೂ ಬರೆದಿಡಲಿಲ್ಲ. ಮನೆಯ ಆರೈಕೆಯ ಇತಿಹಾಸದಲ್ಲಿ ಆಮೇಲೂ ಹೆಚ್ಚಾಗಿ ಆಗಿದ್ದು ಇದೇ.

ಇನ್ನು ನಮ್ಮ ಕಡೆ. ತಂತ್ರಜ್ಞಾನ ಅಂದ ತಕ್ಷಣ ಮೊಬೈಲು, ಕಂಪ್ಯೂಟರು ಅಂದ್ಕೋಬೇಡಿ. ದೊಡ್ಡಮ್ಮನ ಎಡಗೈ ಮೇಲೆ ಹಸಿರು ಹಚ್ಚೆ ಇದೆ, ದೊಡ್ಡಪ್ಪನ ಹೆಸರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಕೈಮೇಲೆ ಚುಚ್ಚಿಸಿಕೊಳ್ಳಬಹುದು! ಜಾತ್ರೆಯಲ್ಲಿ ಹಾಕಿಸಿಕೊಂಡದ್ದು. ವಿದೇಶದಲ್ಲಿ ಮರೆವಿನ ಕಾಯಿಲೆಯವರ ಕೈಗೆ ಹೆಸರು, ವಿಳಾಸ ಕೆತ್ತಿದ ಬಳೆ ತೊಡಿಸ್ತಾರಂತೆ, ಅದನ್ನು ಓದಿದಾಗ ನನಗೆ ನೆನಪಾಗಿದ್ದು ಈ ಹಚ್ಚೆ. ಕಂಪ್ಲಿ ಪೇಟೆಯಲ್ಲಿ ದಾರಿ ತಪ್ಪಿದರೆ ಈಗಲೂ ಯಾರಾದರೂ ಆ ಹೆಸರು ಓದಿ ಮನೆಗೆ ತಂದು ಬಿಡ್ತಾರೆ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಆ ಹೆಸರಿಗೆ ಯಾವ ಬೆಲೆಯೂ ಇಲ್ಲ.

ಇನ್ನೊಂದು, ಜಾತ್ರೆಯ ಮೈಕು. ಹಂಪಿ ತೇರಿಗೆ ಹೋದವರಿಗೆಲ್ಲ ಕೇಳಿರುತ್ತೆ. "ಕೆಂಪು ಸೀರೆ ಉಟ್ಟಿರೋ ಒಬ್ಬ ಅಜ್ಜಿ ಇಲ್ಲಿ ಕೂತಿದಾರ, ಊರು ಕಂಪ್ಲಿ ಅಂತಾರ, ಸಂಬಂಧಪಟ್ಟೋರು ಬಂದು ಕರ್ಕೊಂಡು ಹೋಗಬೇಕು..." ಕಳೆದುಹೋದ ಮಕ್ಕಳಿಗೂ ಮುದುಕರಿಗೂ ಒಂದೇ ಮೈಕು. ಅದನ್ನು ತಂದಿದ್ದು ಭಜನೆಗೆ, ಭಾಷಣಕ್ಕೆ. ಈ ಇಡೀ ಕಥೆಯಲ್ಲಿ ನೀವು ಇದನ್ನು ಗಮನಿಸ್ತೀರಿ. ಡಿಮೆನ್ಷಿಯಾ ಮನೆಗೆ ಉಪಯೋಗಕ್ಕೆ ಬಂದ ವಸ್ತುಗಳಲ್ಲಿ ಬಹಳಷ್ಟು ಬೇರೆ ಯಾವುದಕ್ಕೋ ಮಾಡಿದವು.

ಮಿಕ್ಸಿಯನ್ನೇ ತಗೊಳ್ಳಿ. ಕಾಯಿಲೆ ಬೆಳೆದಂತೆ ಅಗಿಯೋದು, ನುಂಗೋದು ಮರೆತುಹೋಗುತ್ತೆ. ಅನ್ನ ಸಾರು, ಬೇಯಿಸಿದ ತರಕಾರಿ ಎಲ್ಲ ಮಿಕ್ಸಿಗೆ ಹಾಕಿ ಗಂಜಿ ಥರ ಮಾಡಬೇಕು. ಚಟ್ನಿಗೆ ತಂದ ಮಿಕ್ಸಿ ಈಗ ಮೂರು ಹೊತ್ತೂ ಇದಕ್ಕೇ ತಿರುಗುತ್ತೆ. ದೊಡ್ಡವರ ಡೈಪರ್ ಇನ್ನೂ ದೊಡ್ಡ ಕ್ರಾಂತಿ ಅಂತ ಅತ್ತಿಗೆ ಹೇಳ್ತಾರೆ, ನಾನು ಒಪ್ತೀನಿ. ಹಿಂದೆ ಹಳೇ ಸೀರೆ ಹರಿದು ಕಟ್ಟೋದು, ಬೆಳಗಾಗೋ ಮುಂಚೆ ಕಾಲುವೆಗೆ ಹೋಗಿ ಯಾರೂ ನೋಡದ ಹಾಗೆ ಒಗೆದುಕೊಂಡು ಬರೋದು. ಅದನ್ನು ಮಾಡಿದ ಹೆಂಗಸರು ನಮ್ಮ ಎಲ್ಲರ ಮನೆಯಲ್ಲೂ ಇದ್ದರು, ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಡೈಪರಿಗೆ ದುಡ್ಡು ಬೇಕು, ಅದು ಬೇರೆ ಮಾತು. ತಿಂಗಳ ಲೆಕ್ಕ ಹಾಕಿದರೆ ಮಾತ್ರೆಗಿಂತ ಅದಕ್ಕೇ ಜಾಸ್ತಿ ಆಗುತ್ತೆ ಅತ್ತಿಗೆ ಮನೆಯಲ್ಲಿ.

ಕಾಲುವೆ ಅಂದೆನಲ್ಲ, ಅದನ್ನು ಇಲ್ಲೇ ಹೇಳಿಬಿಡ್ತೀನಿ. ಮರೆವಿನ ಕಾಯಿಲೆಯವರು ಮನೆಬಿಟ್ಟು ಹೊರಟುಬಿಡೋದು ಲೋಕಕ್ಕೆಲ್ಲ ಇರೋ ಸಮಸ್ಯೆ. ನಮ್ಮ ಕಡೆ ಆ ಭಯಕ್ಕೆ ಒಂದು ಆಕಾರ ಇದೆ: ನೀರು. ಹೊಸಪೇಟೆಯಲ್ಲಿ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯಲ್ಲಿ ತುರ್ತಾ ಕಾಲುವೆ, ಎಲ್ಲ ವಿಜಯನಗರದ ಕಾಲದವು, ಇವತ್ತಿಗೂ ಗದ್ದೆಗೆ, ಬಾಳೆತೋಟಕ್ಕೆ ನೀರು ಕೊಡ್ತಿವೆ. 1950ರ ದಶಕದಲ್ಲಿ ಡ್ಯಾಮ್ ಆದ ಮೇಲೆ ದೊಡ್ಡ ಕಾಲುವೆಗಳೂ ಬಂದವು. ಕಂಪ್ಲಿಗೆ ಪಕ್ಕದಲ್ಲೇ ಹೊಳೆ. ಐನೂರು ವರ್ಷದಿಂದ ಅನ್ನ ಕೊಡೋ ನೀರು, ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆದುಕೊಂಡು ಹೊರಟ ಮುದುಕಿಯ ಮಟ್ಟಿಗೆ ಬೇರೆಯೇ ಆಗಿಬಿಡುತ್ತೆ. ಸಂಡೂರಿನಲ್ಲಿ ಕಾಲುವೆ ಇಲ್ಲದಿದ್ದರೆ ಅದಿರಿನ ಲಾರಿ ಇವೆ. ಹೀಗಾಗಿ ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯೋ ಉಪಾಯ ಚಿಲಕ. ಹೊರಗಿಂದ ಬೀಗ. ಅದನ್ನು ಹಾಕುವವರನ್ನು ಬೈಯೋದು ಸುಲಭ. ಹಗಲೆಲ್ಲ ದುಡಿದು ರಾತ್ರಿ ಎಚ್ಚರ ಇದ್ದು ನೋಡಿದವರು ಬೈಯೋದಿಲ್ಲ.

ಈಗ 1985ಕ್ಕೆ ಬರೋಣ.

ಆಗ ಈ ನಾಲ್ಕೂ ಊರು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು (ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಹೋಗಿದ್ದು 2021ರಲ್ಲಿ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು). ದೇಶದಲ್ಲಿ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಶುರುವಾಗಿತ್ತು. ಕಾಗದದ ಮೇಲೆ ಚೆನ್ನಾಗಿತ್ತು, ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಆರಿಸಿಕೊಂಡಿದ್ದು ಬಳ್ಳಾರಿಯನ್ನು. ಅದಕ್ಕೂ ಮುಂಚೆ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಅವರು ಹಳ್ಳಿಯ ಮಟ್ಟದಲ್ಲಿ ಪ್ರಯೋಗ ಮಾಡಿದ್ದರು. 1985ರಿಂದ 1990ರವರೆಗೆ ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಮನೆಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಕನ್ನಡ ಓದುಗರಿಗೆಲ್ಲ ಪರಿಚಯ ಇರೋ ಡಾ. ಸಿ.ಆರ್. ಚಂದ್ರಶೇಖರ್, ಇವರು ಪಿಎಚ್‌ಸಿ ಡಾಕ್ಟರುಗಳಿಗೆ ಅಂತ ಕೈಪಿಡಿ ಬರೆದರು. ಬೆರಳೆಣಿಕೆಯ ಮಾತ್ರೆಗಳು, ಸುಲಭದ ಒಂದು ರಿಜಿಸ್ಟರು, ತಿಂಗಳಿಗೊಂದು ವರದಿ. ಹುಚ್ಚು ಅಂದರೆ ದೇವಸ್ಥಾನ, ಇಲ್ಲಾಂದ್ರೆ ಧಾರವಾಡದ ಆಸ್ಪತ್ರೆ ಅಂತಿದ್ದ ಕಾಲದಲ್ಲಿ ಪಕ್ಕದ ಹಳ್ಳಿಯ ಆಸ್ಪತ್ರೆಯಲ್ಲೇ ಮಾತ್ರೆ ಸಿಗೋ ಹಾಗಾಯಿತು.

ಇದಕ್ಕೆ ಬೇರೆ ದೇಶದವರೂ ಬಳಸೋ ಹೆಸರು 'ಬಳ್ಳಾರಿ ಮಾದರಿ'. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ನಾಲ್ಕು ಜಿಲ್ಲೆಗಳಲ್ಲಿ ಶುರುಮಾಡಿದ್ದು ಇದೇ ಮಾದರಿಯಲ್ಲಿ. ಈಗ ಅದು 700ಕ್ಕೂ ಹೆಚ್ಚು ಜಿಲ್ಲೆಗಳಲ್ಲಿದೆ. ಗಣಿ, ಬಿಸಿಲು, ರಾಜಕೀಯ, ಈ ಮೂರಕ್ಕೇ ಹೆಸರಾದ ನಮ್ಮ ಜಿಲ್ಲೆಗೆ ಇದೂ ಒಂದು ಹೆಸರು ಅಂತ ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ ನೋಡಿ.

ಆಗ ಸಂಡೂರು ತಾಲ್ಲೂಕಿನಲ್ಲಿ ಆರೋಗ್ಯ ಕಾರ್ಯಕರ್ತರಾಗಿದ್ದ ನಮ್ಮ ಸಂಬಂಧಿಕರೊಬ್ಬರನ್ನು ಈ ಬಗ್ಗೆ ಕೇಳಿದೆ. ಸೈಕಲ್ ಮೇಲೆ ತಾಂಡಾಗಳಿಗೆ ಹೋಗ್ತಿದ್ದರಂತೆ. "ನಿಮ್ಮನ್ಯಾಗ ಯಾರಾರ ತಮ್ಮಷ್ಟಕ್ ತಾವೇ ಮಾತಾಡ್ತಾರೇನು, ಮೂರ್ಛೆ ಬರ್ತೈತೇನು, ವಯಸ್ಸಿಗೆ ತಕ್ಕಂಗ ಬುದ್ಧಿ ಬೆಳೆದಿಲ್ಲೇನು ಅಂತ ಕೇಳ್ತಿದ್ವಿ" ಅಂದರು. ಮುದುಕರ ಮರೆವಿನ ಬಗ್ಗೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ ಯಾರು ಕೇಳ್ತಾರಪ್ಪ, ಅದು ಎಲ್ಲಾರ ಮನ್ಯಾಗೂ ಇತ್ತು" ಅಂದರು.

ಅವರ ಮಾತು ಸರಿ. ಬಳ್ಳಾರಿ ಪ್ರಯೋಗದ ಒತ್ತು ಇದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯ ಇವುಗಳ ಮೇಲೆ. ಅದಕ್ಕೆ ಕಾರಣವೂ ಇತ್ತು, ಅವಕ್ಕೆ ಮಾತ್ರೆಯಿಂದಲೋ ತರಬೇತಿಯಿಂದಲೋ ಬೇಗ ಗುಣ ಕಾಣುತ್ತಿತ್ತು. ಡಿಮೆನ್ಷಿಯಾಗೆ ಆಗ ಕೊಡೋಕೆ ಏನೂ ಇರಲಿಲ್ಲ. ಡೊನೆಪೆಜಿಲ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 1996ರಲ್ಲಿ, ಅದೂ ಕಾಯಿಲೆ ವಾಸಿ ಮಾಡೋದಿಲ್ಲ. ಆದರೂ ನನಗೆ ಒಂದು ಕೊರಗಿದೆ. ಮನೆಮನೆಗೆ ಹೋಗೋ ಒಬ್ಬ ತರಬೇತಾದ ಮನುಷ್ಯ, ಅವನ ಕೈಯಲ್ಲೊಂದು ರಿಜಿಸ್ಟರು, ಅವನ ಹಿಂದೆ ಒಬ್ಬ ಡಾಕ್ಟರು. ಡಿಮೆನ್ಷಿಯಾ ಮನೆಗೆ ಬೇಕಾಗಿದ್ದ ವ್ಯವಸ್ಥೆ ಇದೇ. ಅದು ನಮ್ಮ ಬಾಗಿಲಿಗೇ ಬಂದಿತ್ತು, ಆ ಪ್ರಶ್ನೆ ಒಂದನ್ನು ಕೇಳದೆ ಮುಂದಿನ ಮನೆಗೆ ಹೋಯಿತು.

ಉತ್ಪ್ರೇಕ್ಷೆ ಅನಿಸಿದರೆ ಗೋವಾದ ಕಥೆ ಕೇಳಿ. ಕೇರಳದಲ್ಲಿ 1992ರಲ್ಲಿ ಡಾ. ಜೇಕಬ್ ರಾಯ್ ಅವರ ನೇತೃತ್ವದಲ್ಲಿ ಎಆರ್‌ಡಿಎಸ್‌ಐ ಅನ್ನೋ ಅಲ್ಝೈಮರ್ ಸಂಘ ಹುಟ್ಟಿತು. 1998ರಲ್ಲಿ ಕೊಚ್ಚಿಯ ಸಭೆಯಲ್ಲಿ '10/66' ಅನ್ನೋ ಸಂಶೋಧಕರ ಗುಂಪು ಸೇರಿತು. ಹೆಸರಿನ ಅರ್ಥ: ಡಿಮೆನ್ಷಿಯಾ ಇರುವವರಲ್ಲಿ ಶೇ. 66ರಷ್ಟು ಜನ ಬಡ ದೇಶಗಳಲ್ಲಿದ್ದಾರೆ, ಅವರ ಬಗ್ಗೆ ನಡೆಯೋ ಸಂಶೋಧನೆ ಶೇ. 10ಕ್ಕಿಂತ ಕಡಿಮೆ. ಆ ದಾರಿಯಲ್ಲೇ ಡಾ. ಅಮಿತ್ ಡಯಾಸ್, ಡಾ. ವಿಕ್ರಮ್ ಪಟೇಲ್ ಮತ್ತು ಜೊತೆಯವರು ಗೋವಾದ 81 ಕುಟುಂಬಗಳಲ್ಲಿ ಒಂದು ಪ್ರಯೋಗ ಮಾಡಿದರು, 2008ರಲ್ಲಿ ಪ್ರಕಟವಾಯಿತು. ಡಾಕ್ಟರೂ ಅಲ್ಲದ ನರ್ಸೂ ಅಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಮನೆಗೆ ಕಳಿಸಿದರು. ಕಾಯಿಲೆ ಏನು ಅಂತ ವಿವರಿಸೋದು, ರಾತ್ರಿ ಎದ್ದು ಕೂಗಾಡಿದರೆ ಏನು ಮಾಡಬೇಕು ಅಂತ ಹೇಳಿಕೊಡೋದು, ಬೇಕಾದರೆ ಡಾಕ್ಟರಿಗೆ ತಿಳಿಸೋದು, ಅಷ್ಟೇ. ಆರು ತಿಂಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು. ಅಂದರೆ ಬಳ್ಳಾರಿಯ ಸೈಕಲ್ಲೇ, ಕೇಳೋ ಪ್ರಶ್ನೆ ಮಾತ್ರ ಬೇರೆ!

ನಮ್ಮ ಕಡೆಯವರಿಗೆ ಆ ಹೊತ್ತಿಗೆ ಇದ್ದದ್ದು ಹಂಪಿ ಎಕ್ಸ್‌ಪ್ರೆಸ್ ಮತ್ತು ಎಸ್‌ಟಿಡಿ ಬೂತು.

ರಾತ್ರಿ ರೈಲು ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ನಿಮ್ಹಾನ್ಸ್ ಮುಂದೆ ಚೀಟಿಗೆ ನಿಲ್ಲೋದು. ದಾರಿ ಉದ್ದಕ್ಕೂ "ಇದು ಯಾವೂರು, ನನ್ನ ಮನಿಗೆ ಕರ್ಕೊಂಡೋಗು" ಅನ್ನೋವರನ್ನು ಬರ್ತ್ ಮೇಲೆ ಹಿಡಿದು ಕೂರಿಸಬೇಕು. ಒಮ್ಮೆ ಹೋಗಿ ಬಂದವರು ಎರಡನೇ ಸಲ ಹೋಗೋ ಧೈರ್ಯ ಮಾಡ್ತಿರಲಿಲ್ಲ. ಆಮೇಲೆ ಫೋನು. ಹಳ್ಳಿ ಫೋನಿನ ಇತಿಹಾಸದಲ್ಲೂ ಕರ್ನಾಟಕದ ಹೆಸರಿದೆ. 1984ರಲ್ಲಿ ಶುರುವಾದ ಸಿ-ಡಾಟ್ ತಯಾರಿಸಿದ, ಎ.ಸಿ. ರೂಮು ಬೇಡದ, ಧೂಳು ಬಿಸಿಲು ತಡೆಯೋ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೂತಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅದರ ಹಿಂದೆಯೇ ಊರೂರಿಗೆ ಹಳದಿ ಬೋರ್ಡಿನ ಬೂತುಗಳು. ರಾತ್ರಿ ರೇಟು ಕಡಿಮೆ ಆಗೋವರೆಗೆ ಕಾದು, ಗಾಜಿನ ಡಬ್ಬಿಯೊಳಗೆ ನಿಂತು, ಮೀಟರಿನ ಕೆಂಪು ಅಂಕಿ ನೋಡ್ತಾ "ಅವ್ವಗ ನಿದ್ದಿ ಮಾತ್ರಿ ಎಷ್ಟ್ ಕೊಡ್ಲಿ" ಅಂತ ಬೆಂಗಳೂರಿನ ತಮ್ಮನಿಗೆ ಕೇಳೋದು, ಅವನು ಡಾಕ್ಟರಿಗೆ ಕೇಳಿ ನಾಳೆ ಹೇಳೋದು. ಟೆಲಿಮೆಡಿಸಿನ್ ಅನ್ನೋ ಪದ ಬರೋ ಮುಂಚೆ ನಮ್ಮ ಟೆಲಿಮೆಡಿಸಿನ್ ಇದೇ ಆಗಿತ್ತು.

ಬೆಂಗಳೂರಲ್ಲಿ ಮಾತ್ರ ಕೆಲವು ಕೆಲಸ ಬೇಗ ಆದವು. 1998ರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹುಟ್ಟಿತು, 2002ರಲ್ಲಿ ಅವರೂ ಬೆಂಗಳೂರು ಪೊಲೀಸರೂ ಸೇರಿ 1090 ಅನ್ನೋ ಹಿರಿಯರ ಸಹಾಯವಾಣಿ ಶುರುಮಾಡಿದರು. ಹೊಸಪೇಟೆಯಿಂದ ನೋಡಿದರೆ ಅದೆಲ್ಲ ಪೇಪರಿನಲ್ಲಿ ಓದೋ ಸುದ್ದಿ.

ಕಾಯಿಲೆ ಪತ್ತೆ ಮಾಡೋ ಸಾಧನದ ಬಗ್ಗೆ ಒಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. 1975ರಲ್ಲಿ ಅಮೆರಿಕದಲ್ಲಿ ಮೂವತ್ತು ಅಂಕದ ಒಂದು ಪರೀಕ್ಷೆ ಬಂತು, ಎಂಎಂಎಸ್‌ಇ ಅಂತ. ಇವತ್ತು ತಾರೀಖು ಎಷ್ಟು, ನೂರರಿಂದ ಏಳೇಳು ಕಳೀತಾ ಹೋಗಿ, ಒಂದು ವಾಕ್ಯ ಬರೀರಿ, ಈ ಚಿತ್ರ ನೋಡಿ ಬಿಡಿಸಿ. ಶಾಲೆಯ ಮುಖ ನೋಡದ ಅಜ್ಜಿಗೆ ಇದನ್ನು ಕೇಳಿದರೆ ಆರೋಗ್ಯವಾಗಿದ್ದರೂ ಫೇಲು. ತಾರೀಖು ಗೊತ್ತಿಲ್ಲ ನಿಜ, ಅಮಾಸಿ ಎಂದು ಅಂತ ಕೇಳಿ ನೋಡಿ! ಇದನ್ನು ಸರಿಯಾಗಿ ಹಿಡಿದವರು ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದ ಭಾರತ ಮತ್ತು ಅಮೆರಿಕದ ಸಂಶೋಧಕರು. ಓದು ಬರಹ ಬಾರದವರಿಗೂ ಆಗುವಂಥ ಹಿಂದಿ ಪರೀಕ್ಷೆಯನ್ನು ರೂಪಿಸಿ 1995ರಲ್ಲಿ ಪ್ರಕಟಿಸಿದರು. 'ಕಣ್ಣು ಮುಚ್ಚಿ' ಅಂತ ಬರೆದ ಚೀಟಿ ಓದಿಸೋ ಬದಲು, ನನ್ನ ಮುಖ ನೋಡಿ ನಾನು ಮಾಡಿದ ಹಾಗೆ ಮಾಡಿ ಅಂತ ಹೇಳಿದರು. ಕನ್ನಡಕ್ಕೂ ಇಂಥ ಪರೀಕ್ಷೆಗಳು ಬಂದಿವೆ. ಸಣ್ಣ ಬದಲಾವಣೆ ಅನಿಸಬಹುದು. ಡಾಕ್ಟರು ಇದು ಕಾಯಿಲೆ ಅಂತ ಸರಿಯಾಗಿ ಹೇಳಿದರೆ ಮಾತ್ರ ಮನೆಯವರು ಬೈಯೋದು ನಿಲ್ಲಿಸ್ತಾರೆ. ದೊಡ್ಡಮ್ಮನಿಗೆ ಹೆಸರಿಟ್ಟು ಹೇಳೋಕೆ ಒಂದು ಆಸ್ಪತ್ರೆಗೆ ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೂ ಎಲ್ಲರೂ ಅತ್ತಿಗೆಗೆ ಹೇಳಿದ್ದು, "ನೀ ಸರಿಯಾಗಿ ನೋಡ್ಕೊಳ್ಳಲ್ಲ, ಅದಕ್ಕ ಹಂಗ ಮಾಡ್ತಾಳ."

ಮೊಬೈಲು ಬಂದ ಮೇಲಿನದು ನಿಮಗೆಲ್ಲ ಗೊತ್ತಿರೋ ಕಥೆ, ಬೇಗ ಹೇಳ್ತೀನಿ. ಕಳೆದುಹೋದವರನ್ನು ಹುಡುಕೋದು ಬದಲಾಯಿತು. ಮೊದಲು 'ಕಾಣೆಯಾಗಿದ್ದಾರೆ' ಅಂತ ಪತ್ರಿಕೆಗೆ, ಆಕಾಶವಾಣಿಗೆ ಕೊಡ್ತಿದ್ದೆವು. ಗೋಧಿ ಬಣ್ಣ, ಸಾಧಾರಣ ಮೈಕಟ್ಟು... ಅದೇ ಸಾಲನ್ನು ಹೆಸರಾಗಿಟ್ಟುಕೊಂಡು 2016ರಲ್ಲಿ ಹೇಮಂತ್ ರಾವ್ ಸಿನಿಮಾ ಮಾಡಿದರು. ಅಲ್ಝೈಮರ್ ಇರೋ ಅಪ್ಪನಾಗಿ ಅನಂತನಾಗ್, ಹುಡುಕೋ ಮಗನಾಗಿ ರಕ್ಷಿತ್ ಶೆಟ್ಟಿ. ನಮ್ಮ ಕಡೆ ಬಹಳ ಜನ 'ಅಲ್ಝೈಮರ್' ಅನ್ನೋ ಪದ ಕೇಳಿದ್ದೇ ಆ ಸಿನಿಮಾದಿಂದ ಅಂತ ನನ್ನ ಅಂದಾಜು. ಈಗ ವಾಟ್ಸಾಪಿನಲ್ಲಿ ಫೋಟೋ ಹಾಕಿದರೆ ಅರ್ಧ ಗಂಟೆಯಲ್ಲಿ ಇಡೀ ತಾಲ್ಲೂಕಿಗೆ ಗೊತ್ತು (ಸಿಕ್ಕಮೇಲೂ ವರ್ಷಗಟ್ಟಲೆ ಆ ಫೋಟೋ ತಿರುಗುತ್ತೆ, ಅದೊಂದು ಕರ್ಮ). ಹೆಸರು ಹೇಳಲಾಗದವರನ್ನು ಆಧಾರ್ ಬೆರಳಚ್ಚಿನಿಂದ ಮನೆಗೆ ಮುಟ್ಟಿಸಿದ ಉದಾಹರಣೆಗಳೂ ಬಂದಿವೆ.

ಜಿಪಿಎಸ್ ಕಥೆ ತಮಾಷೆ. ಅದು ಅಮೆರಿಕದ ಸೈನ್ಯದ ವ್ಯವಸ್ಥೆ. ಜನಸಾಮಾನ್ಯರಿಗೆ ಬೇಕಂತಲೇ ಮಂಕಾಗಿ ಕೊಡ್ತಿದ್ದ ಸಿಗ್ನಲ್ಲನ್ನು 2000ದ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಬಿಟ್ಟರು. ಹನ್ನೊಂದು ವರ್ಷದಲ್ಲಿ ಮರೆವಿನ ಕಾಯಿಲೆಯವರಿಗೆ ಅಂತ ಜಿಪಿಎಸ್ ಇರೋ ಶೂ ಅಮೆರಿಕದ ಮಾರುಕಟ್ಟೆಗೆ ಬಂತು. ನಮ್ಮ ದೊಡ್ಡಮ್ಮ ಬರಿಗಾಲಲ್ಲಿ ಓಡಾಡೋರು. ಕೊರಳಿಗೆ ಹಾಕೋದನ್ನು ತಂದರೆ ತಾಳಿ ಅಲ್ಲ ಅಂತ ಕಿತ್ತು ಹಾಕಿದರು. ಸೀರೆಯ ಒಳಜೇಬಿಗೆ ಹೊಲಿದರೆ ಸೀರೆ ಒಗೆಯೋ ಮುಂಚೆ ತೆಗೆಯೋದನ್ನು, ರಾತ್ರಿ ಚಾರ್ಜಿಗೆ ಹಾಕೋದನ್ನು ಅತ್ತಿಗೆಯೇ ನೆನಪಿಡಬೇಕು. ಮರೆವಿಗೆ ತಂದ ಯಂತ್ರ ನೆನಪಿಡುವವರಿಗೆ ಇನ್ನೊಂದು ಕೆಲಸ. ಕೊನೆಗೆ ಉಳಿದದ್ದು ಬಾಗಿಲಿನ ಗಂಟೆ. ಕದ ತೆಗೆದರೆ ಟಿಂಗ್ ಅನ್ನುತ್ತೆ. ಅಂಗಡಿಗಳಿಗೆ ಅಂತ ಮಾಡಿದ್ದು.

ಒಂದನ್ನು ಮಾತ್ರ ಬಾಯ್ತುಂಬ ಹೊಗಳಬೇಕು. ಪಿಂಚಣಿಯವರು ಪ್ರತಿ ನವೆಂಬರಿನಲ್ಲಿ ಬದುಕಿದ್ದೀನಿ ಅಂತ ಬ್ಯಾಂಕಿಗೆ ಹೋಗಿ ತೋರಿಸಬೇಕಿತ್ತು. ತಾನು ಯಾರು ಅನ್ನೋದೇ ಗೊತ್ತಿಲ್ಲದವರನ್ನು ಆಟೋದಲ್ಲಿ ಹೊತ್ತುಕೊಂಡು ಹೋಗೋದು! 2014ರಲ್ಲಿ 'ಜೀವನ್ ಪ್ರಮಾಣ್' ಬಂತು, ಬೆರಳಚ್ಚು ಕೊಟ್ಟರಾಯಿತು. ಗಣಿಯಲ್ಲಿ, ಡ್ಯಾಮಿನ ಕೆಲಸದಲ್ಲಿ ಸವೆದ ಬೆರಳುಗಳಿಗೆ ಗೆರೆ ಎಲ್ಲಿರುತ್ತೆ? 2021ರಲ್ಲಿ ಮನೆಯಲ್ಲೇ ಮೊಬೈಲಿಗೆ ಮುಖ ತೋರಿಸಿದರೆ ಸಾಕು ಅಂತಾಯಿತು. ಡಿಮೆನ್ಷಿಯಾ ಅನ್ನೋ ಪದ ಆ ಯೋಜನೆಯ ಹೆಸರಲ್ಲಿಲ್ಲ, ಆದರೆ ಎಷ್ಟು ಮನೆಯವರು ಉಸಿರು ಬಿಟ್ಟರೋ.

ಇವರಿಗೇ ಅಂತ ಮಾಡಿದ್ದು ಏನೂ ಇಲ್ಲವಾ? ಇದೆ. ವಿಶ್ವ ಆರೋಗ್ಯ ಸಂಸ್ಥೆಯವರು 'ಐಸಪೋರ್ಟ್' ಅಂತ, ಆರೈಕೆ ಮಾಡುವವರು ಇಂಟರ್ನೆಟ್ಟಿನಲ್ಲಿ ಕೂತಲ್ಲೇ ಕಲಿಯೋ ಪಾಠಗಳನ್ನು ಮಾಡಿದರು. ಅದನ್ನು ನಮ್ಮ ದೇಶದಲ್ಲಿ ಪರೀಕ್ಷಿಸಿದ್ದು ನಿಮ್ಹಾನ್ಸ್‌ನ ತಂಡ. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 151 ಜನ ಸೇರಿದ್ದರು, ಕೊನೆತನಕ ಉಳಿದವರು 55. ಕಾಯಿಲೆಯವರ ಬಗೆಗಿನ ಧೋರಣೆ ಸ್ವಲ್ಪ ಸುಧಾರಿಸಿತು, ಹೊರೆಯಲ್ಲೂ ಖಿನ್ನತೆಯಲ್ಲೂ ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ. ಸೋಲು ಅಂತ ನಾನು ಹೇಳೋದಿಲ್ಲ, ಬಂದದ್ದನ್ನು ಪ್ರಾಮಾಣಿಕವಾಗಿ ಬರೆದರಲ್ಲ, ಅದು ದೊಡ್ಡದು. ಆದರೆ ಗೋವಾದ ಪ್ರಯೋಗದ ಪಕ್ಕ ಇಟ್ಟು ನೋಡಿ. ಅಲ್ಲಿ ಬಾಗಿಲಿಗೆ ಮನುಷ್ಯ ಬಂದಿದ್ದ. ಇಲ್ಲಿ ದಿನವಿಡೀ ಒಂದು ನಿಮಿಷ ಪುರುಸೊತ್ತಿಲ್ಲದವರು ಸ್ಕ್ರೀನ್ ಮುಂದೆ ಕೂತು ಪಾಠ ಓದಬೇಕಿತ್ತು.

2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಶುರುವಾದ ದಿನಗಳಲ್ಲೇ, ಫೋನು ಮತ್ತು ವಿಡಿಯೋದಲ್ಲಿ ಡಾಕ್ಟರು ಚಿಕಿತ್ಸೆ ಕೊಡಲು ಸರ್ಕಾರ ನಿಯಮ ತಂದಿತು. ಹಂಪಿ ಎಕ್ಸ್‌ಪ್ರೆಸ್ಸಿನ ಆ ರಾತ್ರಿಗಳು ಬಹಳ ಮನೆಗಳಿಗೆ ಮುಗಿದಿದ್ದು ಆಗ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರುಮಾಡಿದರು. ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ, ಆಮೇಲೆ ಬೇರೆ ಜಿಲ್ಲಾಸ್ಪತ್ರೆಗಳಿಗೂ. ಅದೇ ವರ್ಷ ಅಕ್ಟೋಬರ್ 10ಕ್ಕೆ ಟೆಲಿ ಮಾನಸ್, ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ, ದುಡ್ಡಿಲ್ಲ. ಹಿರಿಯರಿಗೆ ಅಂತ 14567 ಬೇರೆ ಇದೆ. ಈ ನಂಬರುಗಳನ್ನು ಬರೆದಿಟ್ಟುಕೊಳ್ಳಿ, ಯಾರಿಗಾದರೂ ಬೇಕಾಗುತ್ತೆ. ಯಾಕೆ ಅಂದರೆ 2023ರಲ್ಲಿ ಬಂದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ. 7.4 ಜನಕ್ಕೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಮಂದಿ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅವರನ್ನು ನೋಡಿಕೊಳ್ಳುವವರೂ ಹೆಚ್ಚಾಗಿ ಹೆಂಗಸರೇ ಅಂತ ಬೇರೆ ಹೇಳಬೇಕಾ?

ಕ್ಯಾಮೆರಾ ವಿಷಯ ಬಾಕಿ ಇದೆ. ಮೂರು ವರ್ಷದ ಹಿಂದೆ ಬೆಂಗಳೂರಲ್ಲಿರೋ ಕಿರಿಮಗ ಕಂಪ್ಲಿ ಮನೆಯ ಪಡಸಾಲೆಗೆ ಕ್ಯಾಮೆರಾ ಹಾಕಿಸಿದ. ಒಳ್ಳೆ ಮನಸ್ಸಿನಿಂದಲೇ. ಆಫೀಸಿನಲ್ಲಿ ಕೂತು ಮೊಬೈಲಲ್ಲಿ ಅವ್ವನನ್ನು ನೋಡಬಹುದು. ಎರಡು ವಾರಕ್ಕೆ ಫೋನುಗಳು ಶುರುವಾದವು. "ಅತ್ತಿಗೆ, ಅವ್ವ ಎದ್ದು ಕುಂತಾಳ, ನೀವೆಲ್ಲಿದೀರಿ?" ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ದರು. "ಅತ್ತಿಗೆ, ಇನ್ನೂ ಊಟ ಕೊಟ್ಟಿಲ್ಲೇನು?" ಕೊಟ್ಟಾಗಿತ್ತು, ಅಡುಗೆ ಮನೆಯಲ್ಲಿ. ಒಂದು ದಿನ ಅತ್ತಿಗೆ ಕ್ಯಾಮೆರಾ ಕಡೆ ತಿರುಗಿ, "ಇದು ನಿಮ್ಮವ್ವಗ ಹಾಕ್ಸೀಯೋ ನನಗ ಹಾಕ್ಸೀಯೋ ಮೈದುನಾ?" ಅಂತ ಕೇಳಿದರಂತೆ. ಆ ಕ್ಯಾಮೆರಾಗೆ ಮಾತೂ ಕೇಳಿಸುತ್ತೆ.

ಅದಾದ ಮೇಲೆ ಅವನು ಊರಿಗೆ ಬಂದು ಒಂದು ವಾರ ಇದ್ದ. ತಾನೇ ಉಣ್ಣಿಸಿದ, ತಾನೇ ತೊಳೆದ, ಮೂರು ರಾತ್ರಿ ನಿದ್ದೆಗೆಟ್ಟ. ಹೋಗೋ ಮುಂಚೆ ಕ್ಯಾಮೆರಾವನ್ನು ಪಡಸಾಲೆಯಿಂದ ಕಿತ್ತು ಬೀದಿ ಬಾಗಿಲ ಮೇಲೆ ಹಾಕಿದ, ಕಾಲುವೆ ಕಡೆ ಮುಖ ಮಾಡಿ. ಈಗ ಎರಡು ತಿಂಗಳಿಗೊಮ್ಮೆ ರಜೆ ಹಾಕಿ ಬರ್ತಾನೆ. ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿರದಿದ್ದರೆ ಅತ್ತಿಗೆ ಆ ದಿನ ಹೊಳೆ ದಾಟಿ ಗಂಗಾವತಿಯ ತವರುಮನೆಗೆ ಹೋಗ್ತಾರೆ. ಹೋದ ಸಲ ಎರಡು ರಾತ್ರಿ ಇದ್ದು ಬಂದರು. ನಾನು ಈ ಬರಹಕ್ಕೆ ಏನೋ ಕೇಳೋಣ ಅಂತ ಫೋನ್ ಮಾಡಿದ್ದೆ. ಎರಡೂ ದಿನ ಸ್ವಿಚ್ ಆಫ್.